ಜುಲೈನಲ್ಲಿ ಡೆತ್ ವ್ಯಾಲಿ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಬಿಡುವಿಲ್ಲದವ · ಜೂನ್ 19

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ವಾರ ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಲಾಸ್ ವೇಗಸ್‌ವರೆಗೆ ಕಾರಿನಲ್ಲಿ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಊರಿಂದ ಬಂದಿರುವ ಅಪ್ಪ (71) ಮತ್ತು ಅಮ್ಮ (66). ಮೊದಲು ಯೋಸೆಮಿಟಿ. ಆಮೇಲೆ ಟಯೋಗಾ ಪಾಸ್ ಹತ್ತಿ ಇಳಿದು, 395ನೇ ಹೆದ್ದಾರಿ ಹಿಡಿದು ಲೋನ್ ಪೈನ್‌ ಊರಿನಲ್ಲಿ ಒಂದು ರಾತ್ರಿ. ಅಲ್ಲಿಂದ ಡೆತ್ ವ್ಯಾಲಿ ಅನ್ನುವ ಮರುಭೂಮಿಯ ರಾಷ್ಟ್ರೀಯ ಉದ್ಯಾನ ಹಾಯ್ದು ವೇಗಸ್.

ಹೆಂಡತಿ ಬೇಡ ಅನ್ನುತ್ತಾಳೆ. ಅಪ್ಪ ಮಾತ್ರ "ಬಿಸಿಲು ನಮಗೇನು ಹೊಸದಾ?" ಅಂತ ಹಠ ಹಿಡಿದಿದ್ದಾರೆ. ಭೂಮಿಯ ಮೇಲಿನ ಅತಿ ಬಿಸಿಯಾದ ಜಾಗ ನೋಡಿಯೇ ಹೋಗಬೇಕಂತೆ. ಮಗಳಿಗೆ ತಾವೇ ಚಲಿಸುವ ಕಲ್ಲುಗಳನ್ನು ನೋಡುವ ಆಸೆ. ಹೋಗಿ ಬಂದವರು ಹೇಳಿ, ಇದು ಆಗುವ ಕೆಲಸವಾ ಅಥವಾ ಹುಚ್ಚಾ? ಕಾರು ನಾಲ್ಕು ವರ್ಷ ಹಳೆಯದು, ಏಳು ಸೀಟಿನದು.

ಹಳೇ ಡ್ರೈವರ್ · ಜೂನ್ 19

ಹುಚ್ಚು. ನವೆಂಬರ್‌ನಲ್ಲಿ ಹೋಗಿ.

ನೆವಾಡ ನೆರಳು · ಜೂನ್ 19

ನಾನು ವೇಗಸ್‌ನಲ್ಲೇ ಇರುವುದು. ನೆಂಟರು ಬಂದಾಗಲೆಲ್ಲ ಈ ಪಾರ್ಕ್‌ಗೆ ಕರೆದುಕೊಂಡು ಹೋಗುವುದೇ ನನ್ನ ಪಾಡು, ಬೇಸಿಗೆಯಲ್ಲೂ. ಆಗದ ಕೆಲಸವಲ್ಲ. ಆದರೆ "ಹಾಯ್ದು ಹೋಗುತ್ತೇವೆ" ಅಂತ ಬರೆದಿದ್ದೀರಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ಅದು ಕಾರಿನೊಳಗಿಂದ ನೋಡುವ ಪಾರ್ಕ್. ಇಳಿಯುವುದು, ಹತ್ತು ನಿಮಿಷ ನೋಡುವುದು, ಮತ್ತೆ ಹತ್ತುವುದು. ಅಷ್ಟೇ.

ಎಲ್ಲ ನಿಂತಿರುವುದು ಸಮಯದ ಮೇಲೆ. ತಗ್ಗಿನ ಜಾಗಗಳಲ್ಲಿ ಬೆಳಿಗ್ಗೆ 10ರ ನಂತರ ನಡೆಯಲೇಬೇಡಿ ಅಂತ ಪಾರ್ಕ್‌ನವರೇ ಹೇಳುತ್ತಾರೆ. ನಾನು 9 ಅಂತ ಇಟ್ಟುಕೊಂಡಿದ್ದೇನೆ. ಲೋನ್ ಪೈನ್‌ನಿಂದ ಬೆಳಗಿನ ಜಾವ ಮೂರೂವರೆಗೆ ಹೊರಡಿ. ಕತ್ತಲಲ್ಲಿ ಪ್ಯಾನಮಿಂಟ್ ಕಣಿವೆ ದಾಟಿ, ಟೌನ್ ಪಾಸ್ ಹತ್ತಿ ಇಳಿದರೆ, ಬೆಳಕು ಹರಿಯುವಾಗ ಸ್ಟವ್‌ಪೈಪ್ ವೆಲ್ಸ್ ಸಿಗುತ್ತದೆ. ಪಕ್ಕದಲ್ಲೇ ಮೆಸ್ಕೀಟ್ ಫ್ಲಾಟ್ ಮರಳು ದಿಬ್ಬಗಳು. ಅಲ್ಲಿಂದ ಜ್ಯಾಬ್ರಿಸ್ಕಿ ಪಾಯಿಂಟ್. ಆಮೇಲೆ ನೇರ ಬ್ಯಾಡ್‌ವಾಟರ್, ಉಪ್ಪು ಕಟ್ಟಿದ ಒಣ ಕೆರೆ.

ಬ್ಯಾಡ್‌ವಾಟರ್ ಬೆಳಿಗ್ಗೆಯೇ ಯಾಕೆ ಅಂತೀರಾ? ಅದಕ್ಕೆ ಪೂರ್ವದಲ್ಲಿ ಬ್ಲ್ಯಾಕ್ ಮೌಂಟನ್ಸ್ ಗೋಡೆಯ ಹಾಗೆ ನಿಂತಿವೆ. ಸೂರ್ಯ ಹುಟ್ಟಿ ಸುಮಾರು ಹೊತ್ತಾದರೂ ಆ ಬೆಟ್ಟದ ನೆರಳು ಜನ ನಿಂತು ನೋಡುವ ಕಟ್ಟೆಯ ಮೇಲೆ ಇರುತ್ತದೆ. ಇಡೀ ಕಣಿವೆಯಲ್ಲಿ ಬಿಟ್ಟಿಯಾಗಿ ಸಿಗುವ ದೊಡ್ಡ ನೆರಳು ಇದೊಂದೇ. ಜನ ಮಧ್ಯಾಹ್ನ ಒಂದಕ್ಕೆ ಹೋಗಿ ಒದ್ದಾಡುತ್ತಾರೆ.

ಅದು ಮುಗಿದ ಮೇಲೆ ಫರ್ನೆಸ್ ಕ್ರೀಕ್ ವಿಸಿಟರ್ ಸೆಂಟರ್. ಅಲ್ಲಿ ಹೊರಗೆ ದೊಡ್ಡ ತಾಪಮಾನದ ಫಲಕ ಇದೆ, ಅಪ್ಪನ ಫೋಟೋ ಅಲ್ಲಿ ತೆಗೆಯಿರಿ. ಕೊನೆಗೆ ಡಾಂಟೆಸ್ ವ್ಯೂ. 5,475 ಅಡಿ ಎತ್ತರ. ಕೆಳಗಿನದಕ್ಕಿಂತ 20-25 ಡಿಗ್ರಿ ಫ್ಯಾರನ್‌ಹೀಟ್ ತಂಪು. ಆಗ ತಾನೇ ನಿಂತು ಬಂದ ಬ್ಯಾಡ್‌ವಾಟರ್ ಕಾಲ ಬುಡದಲ್ಲೇ ಕಾಣುತ್ತದೆ. ಅಲ್ಲಿಂದ ಪಹ್ರಂಪ್ ಮೇಲೆ ವೇಗಸ್.

ಪೆಟ್ರೋಲ್ ಲೋನ್ ಪೈನ್‌ನಲ್ಲೇ ಪೂರ್ತಿ ತುಂಬಿಸಿ. ಪಾರ್ಕ್ ಒಳಗಿನ ರೇಟು ನೋಡಿದರೆ ಬಿಸಿಲಿಲ್ಲದೆಯೂ ಬೆವರು ಬರುತ್ತದೆ. ಒಂದು ಕಾರಿಗೆ ಪ್ರವೇಶ 30 ಡಾಲರ್, ಏಳು ದಿನಕ್ಕೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ.

ಗಡಿಬಿಡಿ · ಜೂನ್ 19

ಚಲಿಸುವ ಕಲ್ಲುಗಳ ವಿಷಯ ನನ್ನನ್ನು ಕೇಳಿ. ಹೋಗಬೇಡಿ.

ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನುವ ಒಣಗಿದ ಕೆರೆ ಅದು. ಉಬೆಹೀಬಿ ಕ್ರೇಟರ್ ಹತ್ತಿರ ಟಾರು ಮುಗಿದ ಮೇಲೆ 27 ಮೈಲಿ ಕಲ್ಲಿನ ದಾರಿ. ರಸ್ತೆ ತುಂಬಾ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಏರಿಳಿತ, ಮಧ್ಯೆ ಮಧ್ಯೆ ಚೂರಿಯ ಹಾಗೆ ಎದ್ದ ಕಲ್ಲು. ನಾವು ಬಾಡಿಗೆ ಕಾರಿನಲ್ಲಿ ಹೋದೆವು. ಬಾಡಿಗೆ ಕೊಟ್ಟವರು "ದೊಡ್ಡ ಗಾಡಿ, ಎಲ್ಲಿ ಬೇಕಾದರೂ ಹೋಗಿ" ಅಂದಿದ್ದರು. ಹದಿನೆಂಟನೇ ಮೈಲಿಗೆ ಟಯರ್ ಹರಿಯಿತು. ಸ್ಪೇರ್ ತೆಗೆದರೆ ಸೈಕಲ್ ಚಕ್ರದ ಅಣ್ಣನ ಹಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಮೂರು ಗಂಟೆ ಕೂತೆವು. ಕೊನೆಗೆ ಜೀಪಿನಲ್ಲಿ ಬಂದ ಒಬ್ಬ ಅಜ್ಜ ಮತ್ತು ಅಜ್ಜಿ ಕಾಪಾಡಿದರು. ಟೋ ಬಿಲ್ ಎಷ್ಟಾಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಕಾಗದ ತೆಗೆದು ಓದಿದರೆ, ಮಣ್ಣು ರಸ್ತೆಗೆ ವಿಮೆಯೇ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು.

ಇದು ಮಾರ್ಚ್ ತಿಂಗಳ ಮಾತು. ಜುಲೈ ಆಗಿದ್ದರೆ ಇಲ್ಲಿ ಕೂತು ತಮಾಷೆಯಾಗಿ ಬರೆಯುತ್ತಿರಲಿಲ್ಲ.

ಕಲ್ಲುಮಣ್ಣು · ಜೂನ್ 20

ಮಗಳಿಗೆ ಹೇಳಿ, ಜುಲೈನಲ್ಲಿ ಹೋದರೂ ಆ ಕಲ್ಲು ಓಡುವುದು ಕಾಣುವುದಿಲ್ಲ. ಅವು ಓಡುವುದು ಚಳಿಗಾಲದಲ್ಲಿ. ಕೆರೆಯಲ್ಲಿ ತೆಳ್ಳಗೆ ನೀರು ನಿಂತು, ರಾತ್ರಿ ಅದರ ಮೇಲೆ ಕಿಟಕಿ ಗಾಜಿನಷ್ಟು ತೆಳು ಮಂಜುಗಡ್ಡೆ ಕಟ್ಟಬೇಕು. ಬೆಳಿಗ್ಗೆ ಬಿಸಿಲಿಗೆ ಅದು ಹಾಳೆ ಹಾಳೆಯಾಗಿ ಒಡೆಯುತ್ತದೆ. ಸಣ್ಣ ಗಾಳಿ ಬಂದರೂ ಸಾಕು, ಹಾಳೆಗಳು ಕಲ್ಲನ್ನು ಮೆಲ್ಲಗೆ ತಳ್ಳುತ್ತವೆ. 2013ರ ಡಿಸೆಂಬರ್‌ನಲ್ಲಿ ಸಂಶೋಧಕರು ಕಣ್ಣಾರೆ ನೋಡಿದರು, 2014ರಲ್ಲಿ ಪ್ರಕಟಿಸಿದರು. ಅಷ್ಟು ವರ್ಷ ಬಿರುಗಾಳಿ, ಅಯಸ್ಕಾಂತ, ಅನ್ಯಗ್ರಹದವರು ಅಂತ ಏನೇನೋ ಹೇಳಿದ್ದೇ ಹೇಳಿದ್ದು.

ಇನ್ನು ಅಪ್ಪನ "ಅತಿ ಬಿಸಿಯಾದ ಜಾಗ". 1913ರ ಜುಲೈ 10ರಂದು ಇಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿದೆ. ನಮ್ಮ ಲೆಕ್ಕದಲ್ಲಿ 56.7 ಸೆಲ್ಸಿಯಸ್. ಆಗ ಆ ಜಾಗದ ಹೆಸರು ಗ್ರೀನ್‌ಲ್ಯಾಂಡ್ ರಾಂಚ್, ಈಗಿನ ಫರ್ನೆಸ್ ಕ್ರೀಕ್. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಇವತ್ತಿಗೂ ಅದೇ ಮೊದಲನೆಯದು. ಆ ಅಂಕಿಯನ್ನು ನಂಬದ ಹವಾಮಾನ ತಜ್ಞರೂ ಇದ್ದಾರೆ. ನನಗೂ ಅನುಮಾನವೇ. ಆದರೆ 2020ರ ಆಗಸ್ಟ್ 16ರಂದು, ಮತ್ತೆ 2021ರ ಜುಲೈ 9ರಂದು 130 ಡಿಗ್ರಿ ತೋರಿಸಿದ್ದು ಹೊಸ ಉಪಕರಣಗಳು. ಅದೇನು ಕಡಿಮೆಯಾ?

ಮತ್ತೆ ಇದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ನೆಲದ ಕಥೆ ಬೇರೆ. 1972ರ ಜುಲೈ 15ರಂದು ಫರ್ನೆಸ್ ಕ್ರೀಕ್‌ನಲ್ಲಿ ನೆಲ 201 ಡಿಗ್ರಿ ಮುಟ್ಟಿತ್ತು. ನೀರು ಕುದಿಯುವುದು 212ಕ್ಕೆ.

ಇಷ್ಟು ಕಾಯುವುದಕ್ಕೆ ಕಾರಣ ಕಣಿವೆಯ ಆಕಾರ. ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ಎರಡೂ ಕಡೆ ಎತ್ತರದ ಬೆಟ್ಟ, ಟೆಲಿಸ್ಕೋಪ್ ಪೀಕ್ 11,049 ಅಡಿ. ಸಾಗರದಿಂದ ಬರುವ ಮೋಡಗಳು ಸಿಯೆರಾ ನೆವಾಡ ಹತ್ತುವಾಗಲೇ ಬಹುಪಾಲು ನೀರು ಸುರಿಸಿಬಿಡುತ್ತವೆ. ಉಳಿದದ್ದನ್ನು ಮಧ್ಯದ ಬೆಟ್ಟಗಳು ಹಿಂಡುತ್ತವೆ. ಹಾಗಾಗಿ ಗಿಡಮರ ಇಲ್ಲ, ಬೋಳು ನೆಲ. ಕಾದ ಗಾಳಿ ಮೇಲೇರುತ್ತದೆ, ಸ್ವಲ್ಪ ಆರಿ ಮತ್ತೆ ಅದೇ ಕಣಿವೆಗೆ ಇಳಿಯುತ್ತದೆ, ಇಳಿಯುತ್ತಾ ಒತ್ತಡಕ್ಕೆ ಇನ್ನಷ್ಟು ಕಾಯುತ್ತದೆ. ಮುಚ್ಚಳ ಹಾಕಿದ ಬಾಣಲೆ ಅಂದುಕೊಳ್ಳಿ.

ರಾತ್ರಿಪಾಳಿ · ಜೂನ್ 20

ನಾನು ನರ್ಸ್. ಅಪ್ಪನ ಮಾತು ಕೇಳಿ ಭಯ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

"ಬಿಸಿಲು ಹೊಸದಲ್ಲ" ಅನ್ನುವವರ ಅನುಭವ ಸುಳ್ಳಲ್ಲ. ಆದರೆ ನಮಗೆ ಗೊತ್ತಿರುವುದು ಅಂಗಿ ಒದ್ದೆಯಾಗುವ ಸೆಕೆ. ಬೆವರು ಕಾಣುತ್ತದೆ, ಅಂಟುತ್ತದೆ, ಉಸ್ಸಪ್ಪಾ ಅಂತ ನೀರು ಕುಡಿಯುತ್ತೇವೆ. ಅಲ್ಲಿ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಬಂದ ಕೂಡಲೇ ಹಾರಿಹೋಗುತ್ತದೆ. "ನನಗೆ ಬೆವರೇ ಬರುತ್ತಿಲ್ಲ, ಆರಾಮಾಗಿದೀನಿ" ಅನ್ನುವವರ ಮೈಯಿಂದ ನೀರು ಹೋಗುತ್ತಲೇ ಇರುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಆದ್ದರಿಂದ ಕೇಳಿ ಕೊಡಬೇಡಿ. ಗಂಟೆ ನೋಡಿ ಕೊಡಿ.

ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್ ನೀರು, ಅಂದರೆ ಸುಮಾರು ನಾಲ್ಕು ಲೀಟರ್. ಬರೀ ನೀರು ಸಾಲದು, ಉಪ್ಪೂ ಬೇಕು. ಓ.ಆರ್.ಎಸ್. ಪೊಟ್ಟಣ, ಉಪ್ಪಿನ ತಿಂಡಿ ಇಟ್ಟುಕೊಳ್ಳಿ. ಅಪ್ಪ ಅಮ್ಮ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರಾ? ಕೆಲವು ಮಾತ್ರೆ ಮೂತ್ರ ಹೆಚ್ಚಿಸುತ್ತವೆ, ಕೆಲವು ದೇಹ ಬಿಸಿ ತಡೆಯುವ ಶಕ್ತಿಯನ್ನು ಕಡಿಮೆ ಮಾಡುತ್ತವೆ. ಹೊರಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಇನ್ಸುಲಿನ್ ಇದ್ದರೆ ನಿಂತ ಕಾರಿನಲ್ಲಿ ಬಿಡಬೇಡಿ.

ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಎ.ಸಿ. ಒಳಗೆ, ಒದ್ದೆ ಬಟ್ಟೆ, ನಿಧಾನವಾಗಿ ನೀರು. ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಹೇಳಿದರೆ ಅದು ಬಿಸಿಲಾಘಾತ. ಕಾಯಬೇಡಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ನೆವಾಡ ನೆರಳು · ಜೂನ್ 20

911ಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆಲಿಕಾಪ್ಟರ್ ಬರುತ್ತದೆ ಅಂತ ನಂಬಬೇಡಿ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. 2024ರ ಜುಲೈನಲ್ಲಿ ಬ್ಯಾಡ್‌ವಾಟರ್ ಕಡೆ ಬೈಕಿನಲ್ಲಿ ಹೋಗಿದ್ದ ಆರು ಜನರಲ್ಲಿ ಒಬ್ಬರು ಬಿಸಿಲಿಗೇ ತೀರಿಕೊಂಡರು. ಆ ದಿನ ಹೆಲಿಕಾಪ್ಟರ್ ಹಾರಲು ಆಗಲಿಲ್ಲ. ಅದೇ ತಿಂಗಳು ಮೆಸ್ಕೀಟ್ ದಿಬ್ಬದಲ್ಲಿ ಒಬ್ಬ ಪ್ರವಾಸಿಯ ಚಪ್ಪಲಿ ಹೋಗಿ ಅಂಗಾಲು ಚರ್ಮ ಪೂರ್ತಿ ಸುಟ್ಟಿತು. ಅವರನ್ನೂ ಮೊದಲು ಎತ್ತರದ ಜಾಗಕ್ಕೆ ಆಂಬುಲೆನ್ಸ್‌ನಲ್ಲಿ ಒಯ್ದು, ಅಲ್ಲಿಂದ ಹಾರಿಸಬೇಕಾಯಿತು.

ಹಾಗಾಗಿ ಚಪ್ಪಲಿ ಬೇಡ. ಎಲ್ಲರಿಗೂ ಶೂ.

ಬೆಂಕಿಪೊಟ್ಟಣ · ಜೂನ್ 20

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಥರ್ಮಾಮೀಟರ್ ಮುಂದೆ ಫೋಟೋ ತೆಗೆಸಿಕೊಳ್ಳಲು ಅಂತಲೇ ಬಿಸಿಲಲ್ಲಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿಮಗೆ ಏನಾದರೂ ಆದರೆ ರೇಂಜರ್‌ಗಳು ಅದೇ ಬಿಸಿಲಲ್ಲಿ ಓಡಿ ಬರಬೇಕು. 2013ರಲ್ಲಿ ಜನ ನೆಲದ ಮೇಲೆ ಮೊಟ್ಟೆ ಒಡೆದು ಹುರಿಯಲು ಹೋಗಿ, ಪಾರ್ಕ್‌ನವರು "ದಯವಿಟ್ಟು ಗಲೀಜು ಮಾಡಬೇಡಿ" ಅಂತ ಬೇಡಿಕೊಳ್ಳಬೇಕಾಯಿತು. ಸಾವಿನ ಹೆಸರಿರುವ ಕಣಿವೆ ಅದು, ಜಾತ್ರೆ ಅಲ್ಲ.

ಕಲ್ಲುಮಣ್ಣು · ಜೂನ್ 20

ಆ ಹೆಸರಿಟ್ಟವರು ಹೊರಗಿನವರು. 1849ರ ಚಿನ್ನದ ಓಟದಲ್ಲಿ ಅಡ್ಡದಾರಿ ಹುಡುಕಲು ಹೋಗಿ ದಾರಿ ತಪ್ಪಿದ ಗಾಡಿಗಳ ಗುಂಪು. ಅದೂ ಚಳಿಗಾಲದಲ್ಲಿ! ಟಿಂಬಿಶ ಶೊಶೋನಿ ಜನ ಅದಕ್ಕೆ ಎಷ್ಟೋ ಶತಮಾನ ಮೊದಲಿಂದ ಅಲ್ಲಿ ಬದುಕುತ್ತಿದ್ದರು, ಈಗಲೂ ಇದ್ದಾರೆ. 1933ರಲ್ಲಿ ಸರ್ಕಾರ ಅವರನ್ನು ಕೇಳದೆ ಅಲ್ಲಿ ರಾಷ್ಟ್ರೀಯ ಸ್ಮಾರಕ ಮಾಡಿತು. 1994ರಲ್ಲಿ ಅದೇ ರಾಷ್ಟ್ರೀಯ ಉದ್ಯಾನ ಆಯಿತು. ಫರ್ನೆಸ್ ಕ್ರೀಕ್‌ನ 314 ಎಕರೆ ಕಾನೂನಿನಲ್ಲಿ ಅವರ ಕೈಗೆ ಬಂದಿದ್ದು 2000ದಲ್ಲಿ. ಅವರ ಪ್ರಕಾರ ಅದು ಸಾವಿನ ಕಣಿವೆ ಅಲ್ಲ, ಮನೆ.

ಆದರೆ ಒಂದು ಗಮನಿಸಿ. ಅಷ್ಟು ಬಲ್ಲ ಅವರೂ ಬೇಸಿಗೆ ಬಂದರೆ ಬೆಟ್ಟದ ಮೇಲೆ ಹೋಗುತ್ತಿದ್ದರು.

ಹಳೇ ಡ್ರೈವರ್ · ಜೂನ್ 21

ಸರಿ, ಹೋಗಿಯೇ ತೀರುತ್ತೀರಿ ಅಂತ ಆಯಿತು. ಕಾರಿನ ವಿಷಯ ಕೇಳಿಸಿಕೊಳ್ಳಿ.

ಕೂಲಂಟ್ ನೋಡಿಸಿ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ, ಬ್ಯಾಟರಿ ಸಾಯುವುದು ಚಳಿಗಿಂತ ಬಿಸಿಗೇ ಜಾಸ್ತಿ. ಟಯರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ. ಓಡಿದ ಮೇಲೆ ಒತ್ತಡ ಏರಿತು ಅಂತ ಗಾಳಿ ಬಿಡಬೇಡಿ. ಗಾಳಿ ಕಡಿಮೆ ಇರುವ ಟಯರೇ ಬಿಸಿಗೆ ಸಿಡಿಯುವುದು.

ಏರು ಶುರುವಾಗುವ ಕಡೆ "ಎ.ಸಿ. ಆರಿಸಿ" ಅಂತ ಫಲಕ ಇರುತ್ತದೆ. ಅದು ಅಲಂಕಾರಕ್ಕಲ್ಲ. ಬಿಸಿಯ ಮುಳ್ಳು ಮೇಲೆ ಹೋಗುತ್ತಿದೆ ಅನ್ನಿಸಿದರೆ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ. ಹೌದು, ಹೀಟರ್. ಎಂಜಿನ್ನಿನ ಬಿಸಿ ಆ ದಾರಿಯಲ್ಲಿ ನಿಮ್ಮ ಮುಖಕ್ಕೆ ಬರುತ್ತದೆ, ಎಂಜಿನ್ ಬದುಕುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಕೆಳಗಿನ ಗೇರ್ ಹಾಕಿ.

ಕೆಟ್ಟು ನಿಂತರೆ ಕಾರು ಬಿಟ್ಟು ನಡೆಯಬೇಡಿ. ಇದೊಂದು ಮಾತು ಎಲ್ಲಕ್ಕಿಂತ ಮುಖ್ಯ. 1996ರ ಜುಲೈನಲ್ಲಿ ಒಂದು ಜರ್ಮನ್ ಕುಟುಂಬದ ನಾಲ್ಕು ಜನ ವ್ಯಾನಿನಲ್ಲಿ ಹೋಗಿ ಕಾಣೆಯಾದರು. ಗಾಡಿ ಅಕ್ಟೋಬರ್‌ನಲ್ಲಿ ಆನ್ವಿಲ್ ಕ್ಯಾನಿಯನ್‌ನಲ್ಲಿ ಸಿಕ್ಕಿತು, ಟಯರ್‌ಗಳು ಚಪ್ಪಟೆಯಾಗಿದ್ದವು. ಅವರು ನಡೆದು ಹೋಗಿದ್ದರು. ಮೂಳೆಗಳು ಸಿಕ್ಕಿದ್ದು 2009ರಲ್ಲಿ. ಟಾರು ರಸ್ತೆಯಲ್ಲೇ ಇದ್ದರೆ ಯಾರಾದರೂ ಬಂದೇ ಬರುತ್ತಾರೆ. ಫೋನ್ ನಕ್ಷೆ ಅಡ್ಡದಾರಿ ತೋರಿಸಿದರೆ ಹೋಗಬೇಡಿ. ಕಾಗದದ ನಕ್ಷೆ ಇರಲಿ.

ನಕ್ಷತ್ರಿಕ · ಜೂನ್ 21

ಎಲ್ಲರೂ ಹೆದರಿಸುತ್ತಿದ್ದೀರಿ, ನಾನು ಒಂದು ಒಳ್ಳೆಯ ಮಾತು ಹೇಳುತ್ತೇನೆ. ಮೂರೂವರೆಗೆ ಹೊರಡುತ್ತೀರಲ್ಲ, ಪ್ಯಾನಮಿಂಟ್ ಕಣಿವೆಗೆ ಇಳಿಯುವ ಮುಂಚೆ ಫಾದರ್ ಕ್ರೌಲಿ ಪಾಯಿಂಟ್ ಅಂತ ಸಿಗುತ್ತದೆ. ಎತ್ತರದ ಜಾಗ, ತಂಪಾಗಿರುತ್ತದೆ. ಕಾರಿನ ದೀಪ ಎಲ್ಲ ಆರಿಸಿ ಐದು ನಿಮಿಷ ನಿಲ್ಲಿ. ಕತ್ತಲೆಗೆ ಹೆಸರಾದ ಪಾರ್ಕ್ ಇದು, 2013ರಿಂದ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಅನ್ನುವ ಮಾನ್ಯತೆ ಇದೆ. ಚಂದ್ರ ಇಲ್ಲದ ರಾತ್ರಿ ನೋಡಿಕೊಂಡು ಹೋಗಿ. ಮಗಳು ಆ ಕಲ್ಲು ಮರೆಯುತ್ತಾಳೆ.

ಗಡಿಬಿಡಿ · ಜೂನ್ 21

ಮಳೆ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ನಗಬೇಡಿ. ವರ್ಷಕ್ಕೆ ಎರಡು ಇಂಚು ಮಳೆ ಬೀಳುವ ಜಾಗ. 2022ರ ಆಗಸ್ಟ್ 5ರಂದು ಒಂದೇ ಬೆಳಿಗ್ಗೆ 1.46 ಇಂಚು ಸುರಿಯಿತು, ಕಾರುಗಳು ಮಣ್ಣಿನಲ್ಲಿ ಹೂತವು. ಮುಂದಿನ ವರ್ಷ ಹಿಲರಿ ಬಿರುಗಾಳಿಯ ಉಳಿಕೆ ಬಂದು ಆಗಸ್ಟ್ 20ರಂದು ಒಂದು ದಿನದಲ್ಲಿ 2.2 ಇಂಚು. ಪಾರ್ಕ್ ಅಕ್ಟೋಬರ್ 15ರವರೆಗೆ ಮುಚ್ಚಿತ್ತು. ಬ್ಯಾಡ್‌ವಾಟರ್‌ನಲ್ಲಿ ಕೆರೆಯೇ ಆಗಿ, ಆಮೇಲೆ ಜನ ಅದರಲ್ಲಿ ದೋಣಿ ಹುಟ್ಟು ಹಾಕಿದರು. ಹೊರಡುವ ಹಿಂದಿನ ರಾತ್ರಿ ಪಾರ್ಕ್‌ನ ರಸ್ತೆ ಸೂಚನೆ ನೋಡಿ.

ಬಿಡುವಿಲ್ಲದವ · ಜೂನ್ 22

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹೆಂಡತಿ ಇದನ್ನೆಲ್ಲ ಓದಿ ಒಂದು ಷರತ್ತು ಹಾಕಿದ್ದಾಳೆ. ಲೋನ್ ಪೈನ್‌ನಲ್ಲಿ ರಾತ್ರಿ ಯಾರಿಗಾದರೂ ಸ್ವಲ್ಪ ಹುಷಾರಿಲ್ಲ ಅನ್ನಿಸಿದರೂ ದಾರಿ ಬದಲು. ಒಪ್ಪಿದ್ದೇನೆ. ಅಪ್ಪನ ಡಾಕ್ಟರ್ ಹತ್ತಿರ ಮಾತಾಡಿದ್ದಾಯಿತು. ಬೆಂಕಿಪೊಟ್ಟಣ ಅವರೇ, ಮೊಟ್ಟೆ ತರುವುದಿಲ್ಲ.

ಬಿಡುವಿಲ್ಲದವ · ಜುಲೈ 15

ಹೋಗಿ ಬಂದೆವು. ಎಲ್ಲರೂ ಚೆನ್ನಾಗಿದ್ದೇವೆ. ಸಾಲ ತೀರಿಸುವ ಹಾಗೆ ಪೂರ್ತಿ ಬರೆಯುತ್ತೇನೆ.

ಮೂರೂವರೆಗೆ ಅಂದಿದ್ದೆ, ಅಪ್ಪ ಮೂರಕ್ಕೇ ಶೂ ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. ಫಾದರ್ ಕ್ರೌಲಿಯಲ್ಲಿ ಅರ್ಧ ಚಂದ್ರ ಇದ್ದ, ಆದರೂ ನಕ್ಷತ್ರಗಳು ಏನು ಕಮ್ಮಿ ಇರಲಿಲ್ಲ. ಅಮ್ಮ ಒಂದೊಂದೇ ನಕ್ಷತ್ರ ತೋರಿಸಿದರು. ಟೌನ್ ಪಾಸ್ ಇಳಿಯುತ್ತಾ ಕಿಟಕಿ ಸ್ವಲ್ಪ ತೆರೆದೆ. ಮೇಲೆ ತಣ್ಣಗಿದ್ದ ಗಾಳಿ ಮೈಲಿ ಮೈಲಿಗೆ ಬೆಚ್ಚಗಾಗುತ್ತಾ ಬಂತು. ಸ್ಟವ್‌ಪೈಪ್ ವೆಲ್ಸ್‌ನಲ್ಲಿ, ಸೂರ್ಯ ಹುಟ್ಟುವ ಮೊದಲೇ, ಕಾರು 95 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು.

ಮರಳು ದಿಬ್ಬದಲ್ಲಿ ಇಪ್ಪತ್ತು ನಿಮಿಷ. ಇದೇ ಇಡೀ ಪ್ರವಾಸದ ಒಳ್ಳೆಯ ಭಾಗ. ರಾತ್ರಿ ಓಡಾಡಿದ ಪ್ರಾಣಿಗಳ ಹೆಜ್ಜೆ ಮರಳಿನ ಮೇಲೆ ಹಾಗೇ ಇರುತ್ತದೆ. ಒಂದು ಕಡೆ ಹೊಲಿಗೆ ಹಾಕಿದ ಹಾಗೆ ಸಣ್ಣ ಚುಕ್ಕಿಗಳ ಸಾಲು, ಜೀರುಂಡೆಯದು. ಮಗಳು ಅದರ ಹಿಂದೆಯೇ ಹೋಗಿ ಒಂದು ಪೊದೆಯ ಬುಡದ ತೂತಿನವರೆಗೆ ಪತ್ತೆ ಮಾಡಿದಳು. ಕಲ್ಲಿನ ಮಾತು ಮತ್ತೆ ಎತ್ತಲಿಲ್ಲ.

ಜ್ಯಾಬ್ರಿಸ್ಕಿ ಫೋಟೋದಲ್ಲಿ ಇದ್ದ ಹಾಗೇ ಇದೆ. ಬ್ಯಾಡ್‌ವಾಟರ್ ನೆರಳಿನ ಸಲಹೆ ಕೊಟ್ಟ ನೆವಾಡ ನೆರಳು ಅವರಿಗೆ ಅಮ್ಮನ ವಿಶೇಷ ನಮಸ್ಕಾರ. ಏಳು ಗಂಟೆಯಲ್ಲೂ ಕಟ್ಟೆ ಪೂರ್ತಿ ನೆರಳಲ್ಲಿತ್ತು. ಹಿಂದಿನ ಬಂಡೆಯ ಮೇಲೆ ಬಹಳ ಎತ್ತರದಲ್ಲಿ ಸಮುದ್ರಮಟ್ಟ ಅಂತ ಒಂದು ಬಿಳಿ ಫಲಕ ಇದೆ. ಅದನ್ನು ಕತ್ತೆತ್ತಿ ನೋಡಿದಾಗ ಎಲ್ಲಿ ನಿಂತಿದ್ದೇವೆ ಅಂತ ತಿಳಿಯಿತು. ಮೊದಲ ಸಲ ಅಪ್ಪನಿಗೆ ಮಾತು ಬರಲಿಲ್ಲ.

ಎಂಟೂಕಾಲಿಗೆ ವಿಸಿಟರ್ ಸೆಂಟರ್. ಫಲಕದಲ್ಲಿ 106. ಅಪ್ಪನಿಗೆ ನಿರಾಸೆ! "ಮಧ್ಯಾಹ್ನದವರೆಗೆ ಕಾಯೋಣ, 120 ಆಗುತ್ತೆ" ಅಂದರು. ಅಮ್ಮ ಏನೂ ಹೇಳದೆ ಹೋಗಿ ಕಾರಿನಲ್ಲಿ ಕೂತರು. ಚರ್ಚೆ ಮುಗಿಯಿತು. ಆದರೆ ಫೋಟೋ, ಮತ್ತೊಂದು ಫೋಟೋ, ಅಲ್ಲಿದ್ದ ಒಬ್ಬ ಇಟಾಲಿಯನ್ ಜೊತೆ ಕೈಸನ್ನೆಯಲ್ಲಿ ಹರಟೆ, ಹೀಗೆ ಅಪ್ಪ ಬಿಸಿಲಲ್ಲಿ ಕಾಲು ಗಂಟೆ ನಿಂತರು. ನೀರು ಕೊಟ್ಟರೆ ಬೇಡ ಅಂದರು. "ನೋಡು, ಒಂದು ಹನಿ ಬೆವರಿಲ್ಲ" ಅಂತ ಕೈ ತೋರಿಸಿದರು. ರಾತ್ರಿಪಾಳಿ ಅವರು ಬರೆದ ಅದೇ ಮಾತು! ನನ್ನ ಎದೆ ಧಸಕ್ ಅಂದಿತು. ಗಂಟೆ ನೋಡಿ ಒಂದು ಬಾಟಲಿ ಓ.ಆರ್.ಎಸ್. ಕುಡಿಸಿದೆ. ಕುಡಿದವರು ತಾವೇ ಇನ್ನೊಂದು ಕೇಳಿದರು.

ಡಾಂಟೆಸ್ ವ್ಯೂ ಹತ್ತುವಾಗ ಕೊನೆಯ ಏರಿಗೆ ಎ.ಸಿ. ಆರಿಸಿದೆವು. ಮೇಲೆ 82 ಡಿಗ್ರಿ, ಗಾಳಿ, ಸ್ವರ್ಗ. ಅಲ್ಲಿ ಇಳಿದಾಗ ಅಮ್ಮ ಅಪ್ಪನ ಕಪ್ಪು ಅಂಗಿ ನೋಡಿದರು. ಬೆನ್ನಿನಲ್ಲಿ, ಕಾಲರ್ ಸುತ್ತ ಬಿಳಿ ಬಿಳಿ ಗೆರೆ. "ಎಲ್ಲಿ ಒರಗಿದ್ರಿ, ಆ ಕೆರೆಯ ಉಪ್ಪೆಲ್ಲ ಮೆತ್ತಿಕೊಂಡು ಬಂದಿದೀರಿ" ಅಂತ ಕೊಡವಿದರು. ಅದು ಕೆರೆಯ ಉಪ್ಪಲ್ಲ.

ರಾತ್ರಿಪಾಳಿ · ಜುಲೈ 15

ಆ ಅಂಗಿ ತೊಳೆಯುವ ಮುಂಚೆ ಒಂದು ಫೋಟೋ ತೆಗೆದು ಹಾಕಿ. ಮುಂದಿನ ಸಲ ಯಾರಾದರೂ ಕೇಳಿದರೆ ನಾನು ಅಷ್ಟುದ್ದ ಬರೆಯುವುದು ತಪ್ಪುತ್ತದೆ.

ಬೆಂಕಿಪೊಟ್ಟಣ · ಜುಲೈ 15

ಕ್ಷೇಮವಾಗಿ ಬಂದಿರಲ್ಲ, ಸಂತೋಷ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಗಡಿಬಿಡಿ · ಜುಲೈ 16

ನೀರು ಎಷ್ಟು ಒಯ್ದಿದ್ದಿರಿ, ಎಷ್ಟು ಉಳಿಯಿತು? ಆಗಸ್ಟ್‌ನಲ್ಲಿ ನನ್ನ ತಂಗಿಯ ಮನೆಯವರು ಹೊರಟಿದ್ದಾರೆ, ಹೇಳಿದರೆ ಕೇಳುವವರಲ್ಲ.

ಬಿಡುವಿಲ್ಲದವ · ಜುಲೈ 16

ಐದು ಜನಕ್ಕೆ ಎಂಟು ಗ್ಯಾಲನ್, ಜೊತೆಗೆ ಐಸ್ ಪೆಟ್ಟಿಗೆ. ಹನ್ನೊಂದರ ಹೊತ್ತಿಗೆ ಪಹ್ರಂಪ್ ಮುಟ್ಟಿದೆವು, ಆಗ ಐದು ಗ್ಯಾಲನ್ ಉಳಿದಿತ್ತು. ಕಾರು ಕೆಟ್ಟಿದ್ದರೆ ಸಂಜೆಯವರೆಗೆ ಕೂರಲು ಬೇಕಾಗುತ್ತಿದ್ದದ್ದೇ ಅದು. ಹಿಂದಿನ ಸೀಟಿನ ಬುಡದಲ್ಲಿಟ್ಟ ಬಾಟಲಿಗಳು ಚಹಾ ಮಾಡುವಷ್ಟು ಬಿಸಿಯಾಗಿದ್ದವು. ತಂಗಿಗೆ ಹೇಳಿ, ಐಸ್ ಪೆಟ್ಟಿಗೆ ಎರಡು ಇರಲಿ.